ಘಟ್ಟದ ಸೀಮೆಯಲ್ಲಿ ಸೈಕಲ್ಲಿಗೆ ಏನಾಯಿತು?



ಈ ಕಡೆ ಸೈಕಲ್ಲು ಏಕೆ ಕಾಣುವುದಿಲ್ಲ ಎಂದು ಸಕಲೇಶಪುರದಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ‘ಬರೀ ಏರು ಕಣ್ರೀ, ಇಲ್ಲಿ ಎಲ್ಲಿ ತುಳಿಯೋದು?’ ಉತ್ತರ ಸಹಜವಾಗಿಯೇ ಇದೆ. ಹೇಮಾವತಿಯ ದಂಡೆಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ ಊರಿದು. ಪೇಟೆ ಬಿಟ್ಟು ಯಾವ ದಿಕ್ಕಿಗೆ ಹೊರಟರೂ ಮೈಲಿಯೊಳಗೆ ರಸ್ತೆ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಆದರೆ ಈ ಉತ್ತರದಲ್ಲಿ ಒಂದು ತೊಡಕಿದೆ. ಏರು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಮಂಜರಾಬಾದಿನ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ ನಕ್ಷತ್ರಾಕಾರದ ಕೋಟೆ ಕಟ್ಟಿಸುವಾಗಲೂ ಅದು ಇತ್ತು. ಇದೇ ರಸ್ತೆಗಳಲ್ಲಿ ಸೈಕಲ್ಲುಗಳು ಓಡಾಡುತ್ತಿದ್ದಾಗಲೂ ಇತ್ತು. ಇದ್ದ ಏರು ಇದ್ದ ಹಾಗೇ ಇರುವಾಗ ಸೈಕಲ್ಲು ಮಾತ್ರ ಎಲ್ಲಿ ಹೋಯಿತು ಎಂಬುದೇ ಇಂದಿನ ಮಾತಿನ ವಿಷಯ.

ವಯಸ್ಸಾದವರಿಗೆ ಆ ಕಾಲ ನೆನಪಿರಬಹುದು. ಅಂಚೆಯವರು, ತೋಟದ ರೈಟರು, ಹಳ್ಳಿ ಶಾಲೆಯ ಮೇಷ್ಟ್ರು, ಸಂತೆಗೆ ಸಾಮಾನು ಒಯ್ಯುವವರು, ಇವರೆಲ್ಲರ ವಾಹನ ಒಂದೇ: ಕಪ್ಪು ಬಣ್ಣದ, ಉದ್ದ ಬಾರಿನ, ಸರಳು ಬ್ರೇಕಿನ ಭಾರದ ಸೈಕಲ್ಲು. ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿಯುತ್ತಿದ್ದುದು ಅದರಲ್ಲೇ. ರಾಜ್ಯದ ಎಷ್ಟೋ ಪಟ್ಟಣಗಳಲ್ಲಿ ಸೈಕಲ್ಲಿಗೂ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೋದರೆ, ಡಬ್ಬಲ್ ರೈಡ್ ಮಾಡಿದರೆ ಪೊಲೀಸರು ಹಿಡಿಯುತ್ತಿದ್ದರು. ಇಂದು ಕೇಳಿದರೆ ನಗು ಬರುತ್ತದೆ. ಆದರೆ ತೆರಿಗೆ ಹಾಕಿ, ದಂಡ ವಿಧಿಸುತ್ತಿದ್ದರೆಂದರೆ ಸೈಕಲ್ಲನ್ನು ವಾಹನವೆಂದು ಎಣಿಸುತ್ತಿದ್ದರು ಎಂದೇ ಅರ್ಥ. ರಸ್ತೆಯಲ್ಲಿ ಅದಕ್ಕೊಂದು ಸ್ಥಾನವಿತ್ತು.

ಹಾಗಾದರೆ ಆ ಜನ ಏರನ್ನು ಹೇಗೆ ಏರುತ್ತಿದ್ದರು? ಬಹುಪಾಲು ಏರುತ್ತಲೇ ಇರಲಿಲ್ಲ. ಇಳಿದು ತಳ್ಳುತ್ತಿದ್ದರು. ಇದರಲ್ಲಿ ನಾಚಿಕೆಯ ಮಾತೇನೂ ಇಲ್ಲ ಎಂಬುದನ್ನು ಸಣ್ಣದೊಂದು ಲೆಕ್ಕದಿಂದ ನೋಡಬಹುದು. ಸವಾರನ ತೂಕ 60 ಕಿಲೋ, ಸೈಕಲ್ಲಿನದು 20 ಕಿಲೋ ಎಂದಿಟ್ಟುಕೊಳ್ಳಿ. ಇಷ್ಟನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 78 ಸಾವಿರ ಜೌಲ್ ಶಕ್ತಿ ಬೇಕು. ಆರೋಗ್ಯವಂತ ಸಾಮಾನ್ಯ ಮನುಷ್ಯ ಬಹಳ ಹೊತ್ತು ದಣಿಯದೆ ಕೊಡಬಲ್ಲ ಬಲ 75 ವ್ಯಾಟಿನ ಆಸುಪಾಸು. ಅಂದರೆ 17-18 ನಿಮಿಷದ ಕೆಲಸ. ಇಪ್ಪತ್ತಡಿಗೆ ಒಂದಡಿ ಏರುವ ರಸ್ತೆಯಲ್ಲಿ ಅದು 2 ಕಿಲೋಮೀಟರ್ ದೂರ. ವೇಗ ಗಂಟೆಗೆ ಆರೂವರೆ-ಏಳು ಕಿಲೋಮೀಟರ್.

ಮನುಷ್ಯನಿಗೆ ಇದು ಅಸಾಧ್ಯವಲ್ಲ, ಆ ಸೈಕಲ್ಲಿಗೆ ಅಸಾಧ್ಯ. ಮುಂದೆ 44 ಹಲ್ಲಿನ, ಹಿಂದೆ 18 ಹಲ್ಲಿನ ಚಕ್ರವಿರುವ ಒಂಟಿ ಗೇರಿನ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಮೇಲಿನ ವೇಗದಲ್ಲಿ ಏರಬೇಕಾದರೆ ನಿಮಿಷಕ್ಕೆ ಇಪ್ಪತ್ತೇ ಸುತ್ತು ತುಳಿಯಬೇಕು. ಕಾಲಿಗೆ ಹಿತವಾಗಿರುವುದು 60ರ ಆಸುಪಾಸು. ಇಪ್ಪತ್ತು ಸುತ್ತಿನಲ್ಲಿ ಅಷ್ಟೇ ಕೆಲಸ ತೆಗೆಯಬೇಕೆಂದರೆ ಪ್ರತಿ ತುಳಿತಕ್ಕೂ ಮೂರರಷ್ಟು ಭಾರ. ಮಂಡಿ ಕೇಳುವುದಿಲ್ಲ. ಗೇರಿನ ಸೈಕಲ್ಲಿನಲ್ಲಿ ಸುತ್ತಿಗೆ ಎರಡು ಮೀಟರಿಗಿಂತ ಕಡಿಮೆ ಹೋಗುವ ಹಾಗೆ ಇಳಿಸಿಕೊಳ್ಳಬಹುದು. ಆಗ ಅದೇ ಮನುಷ್ಯ, ಅದೇ ಏರು, ಕುಳಿತೇ ಹತ್ತುತ್ತಾನೆ. ಇಳಿದು ತಳ್ಳಿದರೂ ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗುತ್ತದೆ. ಹಳಬರು ಲೆಕ್ಕ ಹಾಕದೆಯೇ ಇದನ್ನು ಅರಿತಿದ್ದರು. ಏರಿನಲ್ಲಿ ತಳ್ಳಿ ಕಳೆದುಕೊಂಡ ಹತ್ತು ನಿಮಿಷವನ್ನು ಆಚೆ ಬದಿಯ ಇಳಿಜಾರಿನಲ್ಲಿ ಪೆಡಲು ತಿರುಗಿಸದೆ ಗಳಿಸಿಕೊಳ್ಳುತ್ತಿದ್ದರು.

ಹೆದರಬೇಕಾಗಿದ್ದುದು ಆ ಇಳಿಜಾರಿಗೇ. ಮಳೆಗಾಲದಲ್ಲಿ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರ್ ಕಟ್ಟೆಯ ಬ್ರೇಕು ಹಿಡಿಯುವುದೇ ಇಲ್ಲ. ಸರಳನ್ನು ಎಷ್ಟು ಅದುಮಿದರೂ ಕಟ್ಟೆ ಜಾರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ ಸೀಮೆಯಲ್ಲಿ ಇದು ಸಣ್ಣ ದೋಷವಲ್ಲ. ಆದ್ದರಿಂದ ತಿಳಿದವರು ಮಳೆಯಲ್ಲಿ ಕಡಿದಾದ ಇಳಿಜಾರನ್ನೂ ನಡೆದೇ ಇಳಿಯುತ್ತಿದ್ದರು. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು: ಏರಿನಲ್ಲೂ ತಳ್ಳುವುದು, ಇಳಿಜಾರಿನಲ್ಲೂ ತಳ್ಳುವುದು, ಆದರೂ ಸೈಕಲ್ಲು ಬಿಡದಿರುವುದು. ಅವರಿಗೆ ಅದು ಸವಾರಿಗಷ್ಟೇ ಅಲ್ಲ, ಹೊರೆ ಹೊರಲೂ ಬೇಕಿತ್ತು. ಕ್ಯಾರಿಯರಿಗೆ ಅಕ್ಕಿ ಮೂಟೆ ಕಟ್ಟಿ ತಳ್ಳಿಕೊಂಡು ಹೋಗುವುದು ತಲೆಯ ಮೇಲೆ ಹೊರುವುದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಅನುಕೂಲವೂ ಇತ್ತು. ಆಗಿನ ಕೆಂಪು ಬಸ್ಸುಗಳ ನೆತ್ತಿಯ ಮೇಲೆ ಕ್ಯಾರಿಯರು, ಹಿಂಬದಿಯಲ್ಲಿ ಏಣಿ ಇರುತ್ತಿದ್ದವು. ಲಗೇಜು ಚೀಟಿ ಹರಿಸಿ ಸೈಕಲ್ಲನ್ನು ಮೇಲೆ ಹಾಕಿಸಿಕೊಂಡು ದೊಡ್ಡ ಏರನ್ನು ಬಸ್ಸಿನಲ್ಲಿ ದಾಟಬಹುದಿತ್ತು. ನಿಲ್ದಾಣದಿಂದ ಒಳಗಿನ ಹಳ್ಳಿಗೆ ಸೈಕಲ್ಲು. ಬಸ್ಸು ಮತ್ತು ಸೈಕಲ್ಲು ಒಂದಕ್ಕೊಂದು ಪೂರಕವಾಗಿರಬೇಕು ಎಂದು ಇಂದು ದೊಡ್ಡ ನಗರಗಳ ಸಂಚಾರ ತಜ್ಞರು ವರದಿ ಬರೆಯುತ್ತಾರೆ. ಮಲೆನಾಡಿನ ಕಂಡಕ್ಟರುಗಳು ಅದನ್ನು ವರದಿಯಿಲ್ಲದೆ ನಡೆಸುತ್ತಿದ್ದರು. ಬಸ್ಸುಗಳ ನೆತ್ತಿಯ ಕ್ಯಾರಿಯರು ಮಾಯವಾದಾಗ ಸೈಕಲ್ಲಿನ ಒಂದು ಕಾಲೇ ಮುರಿಯಿತು. ಅದನ್ನು ಗಮನಿಸಿದವರು ಕಡಿಮೆ.

ಆಮೇಲೆ ಬಂದದ್ದು ಮೊಪೆಡ್ಡು. 1980ರಲ್ಲಿ ಹೊಸೂರಿನ ಟಿವಿಎಸ್ 50, 1985ರಲ್ಲಿ ಹೀರೊ ಹೋಂಡಾದ ಸಿಡಿ 100, ಹೀಗೆ ಒಂದರ ಹಿಂದೊಂದು. ಇದನ್ನು ದೂರುವುದು ಅನ್ಯಾಯವಾದೀತು. ದಿನವೂ ಮೂಟೆ ತಳ್ಳಿದವನಿಗೆ ಒಂದು ಲೀಟರ್ ಪೆಟ್ರೋಲು ಏರನ್ನೆಲ್ಲ ಚಪ್ಪಟೆ ಮಾಡಿಕೊಟ್ಟರೆ ಅವನು ಅದನ್ನು ಬಿಟ್ಟಾನೆಯೇ? ತೋಟದ ಧಣಿಗಳ ಜೀಪಿಗೂ ಕೂಲಿಯವನ ಕಾಲಿಗೂ ನಡುವೆ ಇದ್ದ ಅಂತರವನ್ನು ಅಷ್ಟಿಷ್ಟಾದರೂ ಕಡಿಮೆ ಮಾಡಿದ್ದು ಈ ಎಂಜಿನ್ನೇ. 2001ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 12ರಲ್ಲಿ ಮೋಟಾರು ದ್ವಿಚಕ್ರ ವಾಹನವಿತ್ತು, 2011ರಲ್ಲಿ 21, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಸುಮಾರು ಅರ್ಧದಷ್ಟು ಮನೆಗಳಲ್ಲಿ.

ಆದರೆ ಅದೇ ಅಂಕಿಗಳಲ್ಲಿ ಇನ್ನೆರಡು ವಿಷಯಗಳಿವೆ. ಸೈಕಲ್ಲು ಇರುವ ಮನೆಗಳು 2011ರಲ್ಲಿ ನೂರಕ್ಕೆ 45ರಷ್ಟಿದ್ದವು, ಆ ಸಮೀಕ್ಷೆಯಲ್ಲಿ ಅದೂ ಅರ್ಧದ ಆಸುಪಾಸು. ಅಂದರೆ ದೇಶ ಸೈಕಲ್ಲನ್ನು ಬಿಟ್ಟಿಲ್ಲ. ಇನ್ನು ಕಾರು: 2011ರಲ್ಲಿ ನೂರು ಮನೆಗಳಲ್ಲಿ ಐದಕ್ಕಿಂತ ಕಡಿಮೆ, ಸಮೀಕ್ಷೆಯ ಹೊತ್ತಿಗೂ ಎಂಟನ್ನು ಮೀರಿರಲಿಲ್ಲ. ‘ಕಾರನ್ನೇ ನೆಚ್ಚಿದ ಸಮಾಜ’ ಎಂದು ಅಮೆರಿಕದ ಬಗ್ಗೆ ಹೇಳುವುದುಂಟು. ಅಲ್ಲಿ ಬಹುತೇಕ ಮನೆಗಳಲ್ಲಿ ಕಾರಿದೆ. ಆದ್ದರಿಂದ ಕಾರಿಗೆ ರಸ್ತೆ ಕಟ್ಟಿದರು ಎಂದಾದರೂ ಹೇಳಬಹುದು. ಇಲ್ಲಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮನೆಗಳಲ್ಲಿ ಕಾರಿಲ್ಲ, ರಸ್ತೆ ಮಾತ್ರ ಕಾರಿನದು. ಈ ಬೆಳವಣಿಗೆ ಘಟ್ಟದ ಸೀಮೆಯಲ್ಲಿ ಹೇಗೆ ಆಯಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ರಸ್ತೆಗೂ ಸೈಕಲ್ಲಿಗೂ ಇರುವ ನಂಟು ಹಳೆಯದು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಸುಮಾರು ಒಂದೇ ಗಾತ್ರವಿರುವ, ಹಿಂದಿನ ಚಕ್ರಕ್ಕೆ ಚೈನು ಹಾಕಿದ ‘ರೋವರ್’ ಸೈಕಲ್ಲನ್ನು ತಂದ; 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ. ಆ ಹೊತ್ತಿಗೇ, 1886ರಲ್ಲಿ, ರಸ್ತೆಗಳನ್ನು ಸರಿಮಾಡಿ ಎಂದು ಒತ್ತಾಯಿಸುವ ಸಂಘವೊಂದನ್ನು ಅಲ್ಲಿನ ಸೈಕಲ್ ಸವಾರರು ಕಟ್ಟಿದ್ದರು. ಕಾರು ಇನ್ನೂ ಅಂಗಡಿಗೆ ಬಂದಿರಲಿಲ್ಲ. ನುಣುಪಾದ ರಸ್ತೆಯನ್ನು ಮೊದಲು ಬೇಡಿದವರು ಸೈಕಲ್ಲಿನವರು, ಸವಿ ಉಂಡವರು ಕಾರಿನವರು!

ಮಂಜರಾಬಾದ್ ಸೀಮೆಯಲ್ಲಿ ರಸ್ತೆ ಬೇಡಿದ್ದು ಕಾಫಿ. 1843ರಲ್ಲಿ ಫ್ರೆಡರಿಕ್ ಗ್ರೀನ್ ಇಲ್ಲಿ ತೋಟ ಹಾಕಿದ. 1856ರಲ್ಲಿ ಬಂದ ರಾಬರ್ಟ್ ಎಲಿಯಟ್ ದಶಕಗಳ ಕಾಲ ಇಲ್ಲೇ ಬೆಳೆಗಾರನಾಗಿದ್ದು ತನ್ನ ಅನುಭವವನ್ನು ಪುಸ್ತಕ ಮಾಡಿದ. ಬೀಜ ಕರಾವಳಿಗೆ ಇಳಿಯಬೇಕು, ಉಪ್ಪು ಮೇಲೆ ಬರಬೇಕು. ಎತ್ತಿನ ಗಾಡಿಯ ಹೆಜ್ಜೆಗೆ ಹೊಂದಿದ ರಸ್ತೆಯಲ್ಲಿ ಸೈಕಲ್ಲಿಗೆ ಭಯವಿರಲಿಲ್ಲ. ಬಳಿಕ ಅದು ಬೆಂಗಳೂರು-ಮಂಗಳೂರು ಹೆದ್ದಾರಿಯಾಯಿತು; ಮೊದಲು 48, ಈಗ 75 ಎಂಬ ಸಂಖ್ಯೆ. ಜನರ ಬಾಯಲ್ಲಿ ಬಿ.ಎಂ. ರಸ್ತೆ.

ಇಲ್ಲಿ ರೈಲಿನ ಕಥೆಯನ್ನೂ ಸೇರಿಸಿ ಓದಬೇಕು. ಹಾಸನ-ಮಂಗಳೂರು ನಡುವೆ ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ಣಗೊಂಡಿತು. 1996ರಲ್ಲಿ ಬ್ರಾಡ್ ಗೇಜ್ ಮಾಡುವ ಸಲುವಾಗಿ ಘಟ್ಟದ ಭಾಗವನ್ನು ಮುಚ್ಚಿದರು. ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರಲ್ಲಿ. ನಡುವಿನ ಹತ್ತು ವರ್ಷ ಹಾಸನ ಸೀಮೆಗೂ ಮಂಗಳೂರಿಗೂ ಶಿರಾಡಿ ರಸ್ತೆಯೇ ಗತಿ. ಆ ಅವಧಿಯ ಕೊನೆಯಲ್ಲಿ ಬಳ್ಳಾರಿಯ ಅದಿರು ತುಂಬಿದ ಲಾರಿಗಳು ಮಂಗಳೂರು ಬಂದರಿನತ್ತ ಇದೇ ರಸ್ತೆಯಲ್ಲಿ ಸಾಲುಗಟ್ಟಿದವು. ಟಾರು ಕಿತ್ತು ಹೋಯಿತು, ರಸ್ತೆಯಂಚಿನ ಮಣ್ಣು ಕುಸಿಯಿತು. ಸೈಕಲ್ಲು ಇಳಿದು ನಿಲ್ಲುತ್ತಿದ್ದುದು ಆ ಅಂಚಿನಲ್ಲೇ. ಹದಿನಾರು ಟನ್ನಿನ ಲಾರಿಗೆ ದಾರಿ ಬಿಡಲು ಕೆಸರಿಗೆ ಇಳಿಯಬೇಕಾದ ಸವಾರ ಎಷ್ಟು ದಿನ ಅಲ್ಲಿ ಸೈಕಲ್ಲು ಹೊಡೆದಾನು? ಸೈಕಲ್ಲು ಹೆದ್ದಾರಿ ಬಿಟ್ಟ ದಿನ ಯಾವುದೆಂದು ಯಾರೂ ಬರೆದಿಟ್ಟಿಲ್ಲ. ಆದರೆ ಕಾರಣ ಹುಡುಕುವವರು ಗುಡ್ಡಕ್ಕಿಂತ ಮೊದಲು ಈ ಹತ್ತು ವರ್ಷಗಳನ್ನು ನೋಡುವುದು ಒಳ್ಳೆಯದು.

ಆಮೇಲೆ ರಸ್ತೆ ಸರಿಯಾಯಿತು. ಶಿರಾಡಿ ಘಾಟಿಯಲ್ಲಿ 2015ರಲ್ಲೂ 2018ರಲ್ಲೂ ಸಂಚಾರ ನಿಲ್ಲಿಸಿ ಕಾಂಕ್ರೀಟು ಹಾಕಿದರು. ಹಾಸನದಿಂದ ಮಾರನಹಳ್ಳಿವರೆಗೆ ನಾಲ್ಕು ಪಥದ ಕೆಲಸ ನಡೆಯಿತು. ಗುಡ್ಡ ಕಡಿದ ಕಡೆ ಮಳೆಗಾಲದಲ್ಲಿ ಮಣ್ಣು ಜಾರುವುದು, 2024ರ ಜುಲೈನಲ್ಲಿ ದೋಣಿಗಾಲ್ ಸುತ್ತಮುತ್ತ ಸಂಚಾರ ನಿಂತದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ರಸ್ತೆ ಒಳ್ಳೆಯದಾದಂತೆ ಸೈಕಲ್ಲಿಗೆ ಒಳ್ಳೆಯದಾಗಬೇಕಿತ್ತಲ್ಲವೆ? ಆಗಲಿಲ್ಲ. ಗುಂಡಿ ಮುಚ್ಚಿದಾಗ ವೇಗ ಏರಿತು. ಗಂಟೆಗೆ 30 ಕಿಲೋಮೀಟರಿನಲ್ಲಿ ಬರುವ ವಾಹನದ ಹೊಡೆತಕ್ಕೂ 60ರಲ್ಲಿ ಬರುವುದರ ಹೊಡೆತಕ್ಕೂ ವ್ಯತ್ಯಾಸ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಮಡಿಯಾಗುತ್ತದೆ ಎಂಬುದು ಹೈಸ್ಕೂಲಿನ ಪಾಠ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎನ್ನುತ್ತದೆ ಕೇಂದ್ರ ಸರ್ಕಾರದ ವರದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಯಾವ ವಾಹನವನ್ನೂ ಏರಿರಲಿಲ್ಲ, ನಡೆದು ಹೋಗುತ್ತಿದ್ದರು. ಹೆದ್ದಾರಿಯ ನಡುವೆ ವಿಭಜಕ ಕಟ್ಟಿದ ಮೇಲೆ ಎದುರು ಬದಿಯ ತೋಟಕ್ಕೆ ಹೋಗುವ ಕೂಲಿ ಹೆಂಗಸು ಒಂದೋ ದೂರದ ತಿರುವಿಗೆ ನಡೆಯಬೇಕು, ಇಲ್ಲವೇ ಸೀರೆ ಎತ್ತಿ ವಿಭಜಕ ದಾಟಬೇಕು. ಅವಳು ಏನು ಮಾಡುತ್ತಾಳೆಂದು ಹೇಳಬೇಕಾಗಿಲ್ಲ.

ಇನ್ನು ಮಕ್ಕಳ ಮಾತು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ಲು ಕೊಡುವ ಯೋಜನೆ ಆರಂಭಿಸಿತು. ಹಳ್ಳಿಯಲ್ಲಿ ಏಳನೇ ತರಗತಿವರೆಗೆ ಶಾಲೆ, ಪ್ರೌಢಶಾಲೆಗೆ ನಾಲ್ಕೈದು ಕಿಲೋಮೀಟರ್. ಹೆಣ್ಣುಮಕ್ಕಳ ಓದು ನಿಲ್ಲುತ್ತಿದ್ದುದು ಈ ನಾಲ್ಕೈದು ಕಿಲೋಮೀಟರಿನಲ್ಲಿ. ಇಂಥದೇ ಯೋಜನೆ ಅದೇ 2006ರಲ್ಲಿ ಬಿಹಾರದಲ್ಲೂ ಬಂದಿತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಸರಿಯಾದ ವಯಸ್ಸಿನಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಹೆಚ್ಚಿತೆಂದು ಲೆಕ್ಕ ಹಾಕಿದರು. ಗಂಗೆಯ ಬಯಲಿನಲ್ಲಿ ಬಂದ ಫಲ ಇದು. ಕರ್ನಾಟಕದಲ್ಲಿ ರಾಯಚೂರಿನ ಹುಡುಗಿಗೂ ಹೆತ್ತೂರಿನ ಹುಡುಗಿಗೂ ಸಿಕ್ಕಿದ್ದು ಒಂದೇ ಬಗೆಯ, ಒಂಟಿ ಗೇರಿನ ಸೈಕಲ್ಲು. ಏರಿನ ಲೆಕ್ಕ ಹಾಕಿದವರು ಯಾರೂ ಇದ್ದಂತೆ ಕಾಣುವುದಿಲ್ಲ. ಕೋವಿಡ್ ವರ್ಷ ಬಂದಾಗ ಆ ವಿತರಣೆಯೂ ನಿಂತಿತು.

ಆಲೂರು-ಸಕಲೇಶಪುರದ ಮಕ್ಕಳಿಗೆ ಬೇರೊಂದು ಭಯವೂ ಇದೆ. ಅದನ್ನು ಬಿಟ್ಟು ಸೈಕಲ್ಲಿನ ಗುಣಗಾನ ಮಾಡುವುದು ಬೆಂಗಳೂರಿನಿಂದ ಬಂದವರಿಗೆ ಮಾತ್ರ ಸಾಧ್ಯ. ಅದು ಆನೆ. ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚನೆಯಾದ ಆನೆ ಕಾರ್ಯಪಡೆ ಈ ಭಾಗದಿಂದ ಆನೆಗಳನ್ನು ಹಿಡಿದು ಸಾಗಿಸಲು ಶಿಫಾರಸು ಮಾಡಿತು; 2014ರಲ್ಲಿ 22 ಆನೆಗಳನ್ನು ಹಿಡಿದರು. ಆನೆಗಳು ಮುಗಿಯಲಿಲ್ಲ, ಹೊಸವು ಬಂದವು. ಕಾಫಿ ತೋಟದ ನಡುವಿನ ರಸ್ತೆಯಲ್ಲಿ, ಮಂಜು ಮುಸುಕಿದ ಬೆಳಿಗ್ಗೆ ಆರೂವರೆಗೆ, ಸದ್ದೇ ಇಲ್ಲದ ಸೈಕಲ್ಲು ತಿರುವಿನಲ್ಲಿ ಆನೆಯ ಎದುರಿಗೇ ಹೋಗಿ ನಿಲ್ಲುವ ಸಂಭವ ಉಂಟು. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ ನಿಜ. ಸಂದೇಶ ಬಂದ ದಿನ ಮಗುವನ್ನು ಜೀಪಿನಲ್ಲೇ ಕಳಿಸಬೇಕು. ಅಲ್ಲಿ ಸೈಕಲ್ಲಿನ ಪರವಾಗಿ ವಾದಿಸುವುದು ತರವಲ್ಲ.

ಹಾಗಾದರೆ ‘ಕಾರು ಬಿಟ್ಟು ಸೈಕಲ್ಲು ಆರಿಸಿಕೊಳ್ಳಿ’ ಎಂಬ ಮಾತಿಗೆ ಇಲ್ಲಿ ಅರ್ಥವೇನು? ಆರಿಸಿಕೊಳ್ಳಲು ಕಾರಿರಬೇಕು, ಸೈಕಲ್ಲಿರಬೇಕು, ಎರಡಕ್ಕೂ ರಸ್ತೆಯಿರಬೇಕು. ವಾರಾಂತ್ಯದಲ್ಲಿ ಬಿಸಿಲೆ ಘಾಟಿಗೆ ಗೇರಿನ ಸೈಕಲ್ಲುಗಳನ್ನು ಕಾರಿನ ಹಿಂದೆ ಕಟ್ಟಿಕೊಂಡು ಬರುವವರು ಆರಿಸಿಕೊಂಡವರು. ತೋಟದ ಲೈನಿನಿಂದ ಪೇಟೆಗೆ ನಡೆದು ಬರುವವರಿಗೆ ಆಯ್ಕೆಯೇ ಇಲ್ಲ. ಈ ಇಬ್ಬರ ನಡುವೆ ಸೈಕಲ್ಲು ಒಂದೇ ಕೆಲಸಕ್ಕೆ ಬರಬೇಕಾದರೆ ಮೊದಲು ಬದಲಾಗಬೇಕಾದದ್ದು ಜನರ ಮನಸ್ಸು ಎಂದು ಉಪದೇಶ ಮಾಡುವವರಿದ್ದಾರೆ. ನೆದರ್ಲೆಂಡ್ಸಿನ ಅನುಭವ ಹಾಗೆ ಹೇಳುವುದಿಲ್ಲ. ಅಲ್ಲಿ ಎರಡನೇ ಮಹಾಯುದ್ಧದ ನಂತರ ಕಾರು ಹೆಚ್ಚಿ ಸೈಕಲ್ಲು ಮೂಲೆಗೆ ಸರಿದಿತ್ತು. 1971ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಿಗಳು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಸರ್ಕಾರದ ಕಿವಿಯನ್ನೂ ತೆರೆಯಿತು. ಅಲ್ಲಿನ ನೆಲ ಚಪ್ಪಟೆ ಎಂಬುದು ನಿಜ. ಆದರೆ ಸೈಕಲ್ಲು ಕಡಿಮೆಯಾಗುತ್ತಿದ್ದಾಗಲೂ ಅದು ಅಷ್ಟೇ ಚಪ್ಪಟೆಯಾಗಿತ್ತು.

ಏರಿನ ಪ್ರಶ್ನೆಗೆ ಉತ್ತರ ಬಂದೂ ಮೂರು ದಶಕವಾಯಿತು. 1993ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್ ಪಟ್ಟಣದವರು ಕಡಿದಾದ ಬೀದಿಯೊಂದರಲ್ಲಿ ಸವಾರನ ಪಾದವನ್ನು ಹಿಂದಿನಿಂದ ನೂಕಿ ಮೇಲೇರಿಸುವ 130 ಮೀಟರಿನ ಯಂತ್ರ ಹಾಕಿದರು. ಅದೇ ವರ್ಷ ಜಪಾನಿನಲ್ಲಿ ಯಮಹಾ ಕಂಪನಿ, ತುಳಿಯುವಾಗ ಮೋಟಾರು ಕೈಜೋಡಿಸುವ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಇಂಥ ಸೈಕಲ್ಲು ಈಗ ಇಲ್ಲೂ ಸಿಗುತ್ತದೆ. ಮೋಟಾರು 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಮೊದಲು ಹೇಳಿದ 100 ಮೀಟರಿನ ಏರಿಗೆ ನಷ್ಟ ಸೇರಿಸಿದರೂ ಬ್ಯಾಟರಿಯಿಂದ ಹೋಗುವುದು 30-35 ವ್ಯಾಟ್ ಗಂಟೆ. ಸಾಧಾರಣ 250 ವ್ಯಾಟ್ ಗಂಟೆಯ ಬ್ಯಾಟರಿಯಲ್ಲಿ ಅಂಥ ಆರೇಳು ಏರು ಹತ್ತಬಹುದು, ಅದೂ ಸವಾರ ತುಳಿಯದೆಯೇ. ಬೆಲೆ ಮಾತ್ರ ಕೂಲಿಯವರ ಕೈಗೆಟುಕುವಂಥದ್ದಲ್ಲ. ಸರ್ಕಾರ ಮತ್ತೆ ಮಕ್ಕಳಿಗೆ ಸೈಕಲ್ಲು ಕೊಡುವುದಾದರೆ ಮಲೆನಾಡಿನ ತಾಲ್ಲೂಕುಗಳಿಗೆ ಗೇರು ಮತ್ತು ಮಳೆಯಲ್ಲೂ ಹಿಡಿಯುವ ಬ್ರೇಕು ಇರುವುದನ್ನು ಕೊಡಬಹುದು. ಅದಕ್ಕೆ ಬ್ಯಾಟರಿಯೂ ಬೇಕಾಗಿಲ್ಲ.

ರಸ್ತೆಯ ಪ್ರಶ್ನೆಗೆ ಉತ್ತರ ಇನ್ನೂ ಬರಬೇಕು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲು ಬಂದಾಗ 450 ಸೈಕಲ್ಲು, 48 ನಿಲ್ದಾಣ ಇದ್ದವು. ಸಕಲೇಶಪುರಕ್ಕೆ ಅಷ್ಟೆಲ್ಲ ಬೇಡ. ಪೇಟೆಯೊಳಗಿನ ದೂರಗಳೇ ಚಿಕ್ಕವು. ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆ, ಶಾಲೆ, ಸಂತೆ ಎಲ್ಲವೂ ಸೈಕಲ್ಲಿನ ಅಳತೆಯವು. ಅಡ್ಡಿಯಾಗಿದ್ದುದು ಈ ಪೇಟೆಯ ನಡುವೆಯೇ ಬೆಂಗಳೂರು-ಮಂಗಳೂರಿನ ವಾಹನವೆಲ್ಲ ಹಾಯುತ್ತಿದ್ದುದು. ನಾಲ್ಕು ಪಥದ ಯೋಜನೆಯಲ್ಲಿ ಪಟ್ಟಣಕ್ಕೆ ಬೈಪಾಸ್ ಸೇರಿದೆ. ದೂರದ ಲಾರಿಗಳು ಹೊರಗಿನಿಂದ ಹೋದ ಮೇಲೆ ಹಳೆಯ ಬಿ.ಎಂ. ರಸ್ತೆ ಹೆದ್ದಾರಿಯಾಗಿ ಉಳಿಯುವುದಿಲ್ಲ, ಊರ ಬೀದಿಯಾಗುತ್ತದೆ. ಹಾಗೆ ತೆರವಾದ ಅಗಲದಲ್ಲಿ ಎರಡೂ ಬದಿ ಕಾರು ನಿಲ್ಲಿಸಬಹುದು. ಅಥವಾ ಒಂದು ಬದಿಯಲ್ಲಾದರೂ ಎರಡು ಮೀಟರ್ ಜಾಗವನ್ನು ಕಲ್ಲಿನ ಕಟ್ಟೆಯಿಂದ ಬೇರ್ಪಡಿಸಿ, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಡಬಹುದು. ಎಲ್ಲ ಊರುಗಳಲ್ಲೂ ಕಾರುಗಳು ತಾವಾಗಿಯೇ ಬಂದು ಜಾಗ ಹಿಡಿಯುತ್ತವೆ. ಅದಕ್ಕೆ ಠರಾವು ಬೇಕಾಗುವುದಿಲ್ಲ. ಎರಡನೆಯದಕ್ಕೆ ಪುರಸಭೆಯ ಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು.

ಕೇಳುವವರ ಕೈಯಲ್ಲಿ ಒಂದು ಲೆಕ್ಕವಿದ್ದರೆ ಒಳ್ಳೆಯದು. ಶಾಲೆ ಸೇರುವ ಮತ್ತು ಬಿಡುವ ಹೊತ್ತಿಗೆ ಒಂದು ವಾರ ಹಳೆಯ ಹೆದ್ದಾರಿಯ ಬದಿಯಲ್ಲಿ ನಿಂತು ಎಣಿಸಬೇಕು: ನಡೆದು ಹೋದವರು ಎಷ್ಟು, ಸೈಕಲ್ಲಿನವರು ಎಷ್ಟು, ಬೈಕು ಎಷ್ಟು, ಆಟೊ, ಜೀಪು, ಬಸ್ಸಿನಲ್ಲಿ ಎಷ್ಟು ಜನ, ಕಾರುಗಳಲ್ಲಿ ಎಷ್ಟು ಜನ. ವಾಹನಗಳನ್ನಲ್ಲ, ಜನರನ್ನು ಎಣಿಸಬೇಕು. ಹೈಸ್ಕೂಲಿನ ನಾಲ್ಕು ಮಕ್ಕಳು, ಒಂದು ನೋಟ್‌ಬುಕ್ಕು, ಮಳೆ ಬಂದರೆ ಎರಡು ಕೊಡೆ ಸಾಕು.